ಕೂಲರ್ ಬಂದ್ ಮಾಡಿ, ಆಮೇಲೆ ಆ್ಯಪ್ ತೆರೆಯಿರಿ

"ಸಪ್ಪಳ ಕೇಳಸ್ತದ್ರಿ, ಮಾತು ತಿಳಿಯಂಗಿಲ್ರಿ." ಕಲಬುರಗಿಯ ನಮ್ಮ ಶ್ರವಣ ಪರೀಕ್ಷೆಯ ಕೋಣೆಗೆ ಬರುವ ಹಿರಿಯರು ಹೆಚ್ಚಾಗಿ ಹೇಳುವ ಮಾತಿದು. ಹೋದ ಬೇಸಿಗೆಯಲ್ಲಿ ಒಬ್ಬರು ಬಂದಿದ್ದರು. ತೊಗರಿ ದಾಲ್ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದವರು. ಅವರ ಮಗ ಕೂಡುವ ಮೊದಲೇ ಫೋನ್ ಮುಂದೆ ಹಿಡಿದ. "ಅಪ್ಪಂದು ಆ್ಯಪಿನಾಗ ಟೆಸ್ಟ್ ಮಾಡೀನ್ರಿ ಮೇಡಂ, ನೂರಕ್ಕೆ 42 ಬಂದದ. ಮಷಿನ್ ಹಾಕಬೇಕೇನ್ರಿ?"

ಮಗ ಮಾಡಿದ್ದು ಒಳ್ಳೆಯ ಕೆಲಸ. ಕಿವಿ ಮಂದವಾಯಿತೆಂದು ಒಪ್ಪಿಕೊಳ್ಳಲು ನಮ್ಮ ಮಂದಿ ಹತ್ತು ವರ್ಷ ತೆಗೆದುಕೊಳ್ಳುತ್ತಾರೆ. ಆದರೆ ಆ 42 ಎಂಬುದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹಿಯರ್‌ಡಬ್ಲ್ಯುಎಚ್‌ಒ ಎಂಬ ಉಚಿತ ಆ್ಯಪ್ ತಂದಿತು. ಗದ್ದಲದ ನಡುವೆ ಮೂರು ಅಂಕಿ ಕೇಳಿಸುತ್ತವೆ. ಕೇಳಿದ್ದನ್ನು ಒತ್ತಬೇಕು. ಸರಿ ಒತ್ತಿದರೆ ಮುಂದಿನ ಸಲ ಗದ್ದಲ ಹೆಚ್ಚು, ತಪ್ಪಿದರೆ ಕಡಿಮೆ. ಇದರಲ್ಲಿ ಒಂದು ಜಾಣತನವಿದೆ. ದನಿ ಮತ್ತು ಗದ್ದಲ ಎರಡೂ ಒಂದೇ ಇಯರ್‌ಫೋನಿನಿಂದ ಬರುತ್ತವೆ. ಇಯರ್‌ಫೋನ್ ಅಗ್ಗದ್ದಾದರೆ ಎರಡೂ ಒಟ್ಟಿಗೆ ತಗ್ಗುತ್ತವೆ, ಅವುಗಳ ನಡುವಿನ ಅಂತರ ಹಾಗೇ ಇರುತ್ತದೆ. ಬರೀ "ಪೀಂ" ಸದ್ದು ಕೇಳಿಸುವ ಆ್ಯಪುಗಳಿಗೆ ಈ ಅನುಕೂಲ ಇಲ್ಲ. ಅಲ್ಲಿ ಇಯರ್‌ಫೋನ್ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ.

ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದುಗಳು. ಸ, ಶ, ಚ ಇಂಥ ಅಕ್ಷರಗಳ ಅಂಚು ಅಲ್ಲೇ ಇರುವುದು. "ಸಾಲು" ಎಂದದ್ದು "ಹಾಲು" ಎಂದು ಕೇಳುತ್ತದೆ. ಮನೆಯಲ್ಲಿ ಎದುರು ಕೂತು ಮಾತಾಡಿದರೆ ತೊಂದರೆ ಇಲ್ಲ, ಮದುವೆ ಮನೆಯಲ್ಲಿ ಒಂದೂ ತಿಳಿಯುವುದಿಲ್ಲ. ಗದ್ದಲದ ಪರೀಕ್ಷೆ ಹಿಡಿಯುವುದು ಈ ತೊಂದರೆಯನ್ನೇ.

"ಮನೆಯಲ್ಲಿ ಎಲ್ಲಿ ಕೂತು ಮಾಡಿದಿರಿ?" ಎಂದು ಕೇಳಿದೆ. ಪಡಸಾಲೆಯಲ್ಲಿ, ಕೂಲರ್ ಮುಂದೆ! ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕೂಲರ್ ಬಂದ್ ಮಾಡುವುದು ಸುಲಭವಲ್ಲ, ಗೊತ್ತು. ಆದರೂ ಐದು ನಿಮಿಷ ಕೂಲರ್, ಫ್ಯಾನ್, ಟಿವಿ ಎಲ್ಲಾ ನಿಲ್ಲಿಸಬೇಕು. ಎರಡೂ ಕಿವಿಯಲ್ಲಿ ಸರಿಯಾಗಿ ಕೂರುವ ಇಯರ್‌ಫೋನ್ ಬೇಕು. ಫೋನಿನ ಸ್ಪೀಕರ್ ಸಾಲದು. ನಮ್ಮ ಕೋಣೆಯ ನಿಶ್ಶಬ್ದದಲ್ಲಿ ಮತ್ತೆ ಆ್ಯಪ್ ಹಾಕಿದಾಗ ಅವರ ಅಂಕ ಏರಿತು, ಆದರೆ ಚೆನ್ನಾಗಿದೆ ಎನ್ನುವಷ್ಟು ಏರಲಿಲ್ಲ. ಶ್ರವಣ ಅಳೆಯುವ ನಮ್ಮ ಯಂತ್ರ ಆಡಿಯೋಮೀಟರಿನಲ್ಲಿ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದುಗಳ ಕಡೆ, ಗೆರೆ ಕೆಳಗೆ ಕುಸಿದಿತ್ತು. ಯಂತ್ರಗಳ ಸದ್ದು ವರ್ಷಗಟ್ಟಲೆ ಕಿವಿಗೆ ಬಡಿದರೆ ಹೀಗೇ ಆಗುತ್ತದೆ. ದಾಲ್ ಮಿಲ್ಲು, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆ, ಇಂಥ ಕಡೆ ದುಡಿಯುವವರು ನಲವತ್ತರ ಆಸುಪಾಸಿನಲ್ಲೇ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದು ನನ್ನ ಆಸೆ. ಹೋದ ಶ್ರವಣ ವಾಪಸ್ ಬರುವುದಿಲ್ಲ, ಆದರೆ ಉಳಿದದ್ದನ್ನು ಇಯರ್‌ಪ್ಲಗ್ ಹಾಕಿ ಕಾಯ್ದುಕೊಳ್ಳಬಹುದು.

ಇನ್ನೊಂದು ತೊಡಕು ಭಾಷೆಯದು. ಅಂಕಿಗಳು ಇಂಗ್ಲಿಷಿನಲ್ಲಿ ಬಂದರೆ "ಏಟ್, ನೈನ್" ಬಾರದ ಹೊಲದ ಕೆಲಸದ ಅವ್ವನಿಗೆ ಅಂಕ ಕಡಿಮೆ ಬರುವುದು ಸಹಜ. ಅದು ಕಿವಿಯ ದೋಷ ಅಲ್ಲ ಅಲ್ವಾ? ಅಂಥವರನ್ನು ಆ್ಯಪಿನ ಮುಂದೆ ಕೂಡಿಸಿ ಅಂಜಿಸಬೇಡಿ, ಸೀದಾ ಕರೆದುಕೊಂಡು ಬನ್ನಿ.

ಉಲ್ಟಾ ಮೋಸವೂ ಉಂಟು. ಚಿಕ್ಕಂದಿನಿಂದ ಕಿವಿ ಸೋರಿ ತಮಟೆ ತೂತಾದವರು ನಮ್ಮಲ್ಲಿ ಬಹಳ. ಅವರಿಗೆ ಬೇಕಿರುವುದು ಜೋರು ದನಿ. ವಾಲ್ಯೂಮ್ ಏರಿಸಿಕೊಂಡರೆ ಗದ್ದಲದ ಪರೀಕ್ಷೆ ಪಾಸಾಗಿಬಿಡುತ್ತಾರೆ. ಎರಡೂ ಕಿವಿಗೆ ಒಂದೇ ದನಿ ಹೋಗುವ ಪರೀಕ್ಷೆಯಾದರೆ, ಒಂದು ಕಿವಿ ಕೆಟ್ಟಿದ್ದರೂ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಇನ್ನು ಬರೀ ಗುಗ್ಗೆ ಕಟ್ಟಿದೆಯೋ ಎಂಬುದನ್ನು ಯಾವ ಅಂಕವೂ ಹೇಳದು, ಕಿವಿಯೊಳಗೆ ಬೆಳಕು ಬಿಟ್ಟು ನೋಡಲೇಬೇಕು. ಅದಕ್ಕೇ ಅಂಕ ನೋಡಿ ಆನ್‌ಲೈನಿನಲ್ಲಿ ಕಿವಿ ಮಷಿನ್ ತರಿಸಬೇಡಿ. ಕಾಯಿಸಿದ ಎಣ್ಣೆಯನ್ನಂತೂ ಕಿವಿಗೆ ಬಿಡಲೇಬೇಡಿ.

ನನ್ನನ್ನು ಇವತ್ತಿಗೂ ಕಾಡುವವನು ಯಾದಗಿರಿ ಕಡೆಯ ಒಬ್ಬ ಯುವಕ. ಬೆಳಿಗ್ಗೆ ಏಳುವಾಗ ಬಲಗಿವಿ ಬಂದ್. ಶೀತ ಇರಬೇಕು ಎಂದುಕೊಂಡ. ದಿನಾ ಆ್ಯಪ್ ಹಾಕಿ ಅಂಕ ನೋಡುತ್ತಾ ಕೂತ. ಎಡಗಿವಿ ಚೆನ್ನಾಗಿತ್ತು, ಅಂಕವೂ ಚೆನ್ನಾಗೇ ಬರುತ್ತಿತ್ತು. ನಮ್ಮ ಬಳಿ ಬಂದಾಗ ಆರು ವಾರ ಕಳೆದಿತ್ತು. ಒಳಕಿವಿಗೆ ಹೀಗೆ ದಿಢೀರ್ ಪೆಟ್ಟು ಬಿದ್ದಾಗ ಸ್ಟೆರಾಯ್ಡ್ ಔಷಧ ಮೊದಲ ಎರಡು ವಾರದೊಳಗೆ ಶುರುವಾಗಬೇಕು. ಎಷ್ಟು ಬೇಗನೋ ಅಷ್ಟು ಒಳ್ಳೆಯದು. ಅವನ ಬಲಗಿವಿ ತಿರುಗಿ ಬರಲಿಲ್ಲ. ಒಂದೇ ಕಿವಿ ಒಮ್ಮೆಲೆ ಮಂದವಾದರೆ ಆ್ಯಪ್ ತೆರೆಯಬೇಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಹತ್ತಿರದ ಜಿಲ್ಲಾ ಆಸ್ಪತ್ರೆ, ಎಲ್ಲಿ ಬೇಗ ಮುಟ್ಟುತ್ತೀರೋ ಅಲ್ಲಿಗೆ ಅದೇ ದಿನ ಹೋಗಿ, ಕಿವಿ ಡಾಕ್ಟರಿಗೆ ತೋರಿಸಿ.