ಎಡಿಸನ್‌ನ ಮೊದಲ ಪೇಟೆಂಟ್ ಯಾರಿಗೂ ಬೇಕಿರಲಿಲ್ಲ

ಹೋದ ತಿಂಗಳು ಪೀಣ್ಯದ ಹುಡುಗನೊಬ್ಬ ನನ್ನ ಆಫೀಸಿಗೆ ಬಂದಿದ್ದ. ಕೈಯಲ್ಲಿ ಒಂದು ಯಂತ್ರದ ಮಾದರಿ. ದರ್ಶಿನಿಯ ಕೌಂಟರಿನಲ್ಲಿ ಮಸಾಲೆ ದೋಸೆಗೆ ಬಿಲ್ ಹಾಕಿದ ತಕ್ಷಣ ಕಾವಲಿಯ ಮೇಲೆ ಒಂದು ದೋಸೆಯಷ್ಟು ಹಿಟ್ಟು ಬೀಳುತ್ತದೆ. ಕೆಲಸ ಅಚ್ಚುಕಟ್ಟಾಗಿತ್ತು. "ಪೇಟೆಂಟ್ ಸಿಗುತ್ತಾ ಸರ್?" ಎಂದ. "ದೋಸೆ ಹಾಕುವವರ ಪಕ್ಕ ನಿಂತು ನೋಡಿದ್ದೀಯೇನಪ್ಪಾ?" ಎಂದು ಕೇಳಿದೆ. ಇಲ್ಲ ಅಂದ.

ಅವನಿಗೆ ಎಡಿಸನ್ ಕಥೆ ಹೇಳಿದೆ. ಬಲ್ಬಿನದ್ದಲ್ಲ, ಅದಕ್ಕಿಂತ ಹತ್ತು ವರ್ಷ ಹಿಂದಿನದ್ದು.

1869ರ ಜೂನ್ 1ರಂದು ಎಡಿಸನ್‌ಗೆ ಮೊದಲ ಪೇಟೆಂಟ್ ಸಿಕ್ಕಿತು. ನಂಬರ್ 90,646, ಆಗ ಅವನಿಗೆ 22 ವರ್ಷ. ಯಂತ್ರ ಯಾವುದು ಗೊತ್ತಾ? ಶಾಸನಸಭೆಯಲ್ಲಿ ಸದಸ್ಯರ ಮತ ದಾಖಲಿಸುವುದು. ನಮ್ಮ ಜಾಲಹಳ್ಳಿಯ ಬಿಇಎಲ್‌ನಲ್ಲಿ ತಯಾರಾಗುವ ಇವಿಎಂ ಜನರ ಮತಕ್ಕೆ, ಇದು ಸಭೆಯೊಳಗೆ ಕೂತವರ ಮತಕ್ಕೆ. ಸದಸ್ಯ ತನ್ನ ಜಾಗದಲ್ಲೇ ಸ್ವಿಚ್ಚನ್ನು ಹೌದು ಅಥವಾ ಇಲ್ಲ ಕಡೆಗೆ ತಿರುಗಿಸಬೇಕು. ಗುಮಾಸ್ತನ ಮೇಜಿನ ಮೇಲೆ ಎರಡು ಸಾಲಿನಲ್ಲಿ ಎಲ್ಲರ ಹೆಸರಿನ ಲೋಹದ ಅಚ್ಚುಗಳಿರುತ್ತವೆ. ಅವುಗಳ ಮೇಲೆ ರಾಸಾಯನಿಕ ಸವರಿದ ಕಾಗದ ಹಾಸಿ ಲೋಹದ ರೋಲರ್ ಉರುಳಿಸಿದರೆ, ಕರೆಂಟು ಹರಿದ ಕಡೆ ಮಾತ್ರ ರಾಸಾಯನಿಕ ಬಣ್ಣ ಬದಲಿಸಿ ಹೆಸರು ಮೂಡುತ್ತದೆ, ಪಕ್ಕದ ಮುಳ್ಳುಗಳು ಒಟ್ಟು ಲೆಕ್ಕ ತೋರಿಸುತ್ತವೆ. ಎಷ್ಟು ಚೆಂದದ ಯೋಚನೆ ಅಲ್ವಾ?

ವಾಷಿಂಗ್ಟನ್‌ನಲ್ಲಿ ಸಂಸತ್ತಿನ ಸಮಿತಿ ಬೇಡವೇ ಬೇಡ ಅಂದುಬಿಟ್ಟಿತು. ಒಬ್ಬೊಬ್ಬರ ಹೆಸರು ಕೂಗಿ ಮತ ಕೇಳುವಾಗ ಹಿಡಿಯುವ ಸಮಯ ಅವರಿಗೆ ಬೇಕಾಗಿತ್ತು. ಮಸೂದೆ ತಡೆಯಬೇಕಾದ ಅಲ್ಪಸಂಖ್ಯೆಯವರಿಗೆ ಆ ನಿಧಾನವೇ ಆಯುಧ. ನಡುವೆ ಒಂದಿಬ್ಬರ ಮನಸ್ಸು ಬದಲಿಸಲೂ ಅವಕಾಶ. ಎಡಿಸನ್ ತೊಂದರೆ ಅಂದುಕೊಂಡದ್ದು ಅವರಿಗೆ ಅನುಕೂಲವಾಗಿತ್ತು.

ಇದು ಯಾರಿಗಾದರೂ ಬೇಕಾ ಅನ್ನುವ ಪ್ರಶ್ನೆಯನ್ನು ಪೇಟೆಂಟ್ ಕಾನೂನು ಕೇಳುವುದೇ ಇಲ್ಲ. ಹೊಸದಾಗಿರಬೇಕು, ಆ ಕಸುಬು ಬಲ್ಲವರಿಗೆ ಸುಲಭವಾಗಿ ಹೊಳೆಯುವಂತಿರಬಾರದು, ಕೈಗಾರಿಕೆಯಲ್ಲಿ ಬಳಸಲು ಬರಬೇಕು, ಅಷ್ಟೇ. ಯಾರಾದರೂ ಕೊಳ್ಳುತ್ತಾರಾ ಅಂತ ಚೆನ್ನೈನ ಪೇಟೆಂಟ್ ಕಚೇರಿ ನೋಡುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಅದೇ ವರ್ಷ ಎಡಿಸನ್ ನ್ಯೂಯಾರ್ಕ್‌ಗೆ ಹೋದ. ಚಿನ್ನದ ದರ ಸಾರುವ ಕಂಪನಿಯೊಂದರ ಯಂತ್ರ ಕೆಟ್ಟು ನಿಂತಿತ್ತು, ರಿಪೇರಿ ಮಾಡಿ ಅಲ್ಲೇ ಕೆಲಸಕ್ಕೆ ಸೇರಿದ. ಷೇರು ಬೆಲೆಯನ್ನು ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕುವ ಟಿಕರ್ ಯಂತ್ರಗಳ ಕಷ್ಟ ಅವನಿಗೆ ಹತ್ತಿರದಿಂದ ಗೊತ್ತಾಯಿತು. ಒಂದು ಟಿಕರ್ ತಾಳ ತಪ್ಪಿದರೆ ತಪ್ಪು ಬೆಲೆ ಅಚ್ಚಾಗುತ್ತಿತ್ತು, ಸರಿ ಮಾಡಲು ಆ ಆಫೀಸಿಗೇ ಆಳು ಹೋಗಬೇಕಿತ್ತು. ಒಂದೇ ಲೈನಿನ ಎಲ್ಲ ಟಿಕರ್‌ಗಳನ್ನು ಕೇಂದ್ರದಿಂದಲೇ ಒಟ್ಟಿಗೆ ತಾಳಕ್ಕೆ ತರುವ ಉಪಾಯವನ್ನು ಅವನು ಮಾಡಿದ. ಅದು ಮಾರಾಟವಾಯಿತು, ಆ ದುಡ್ಡಲ್ಲೇ ಪಕ್ಕದ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ವರ್ಕ್‌ಶಾಪ್ ಎದ್ದಿತು. ನನ್ನ ಮಟ್ಟಿಗೆ ಎಡಿಸನ್‌ನ ನಿಜವಾದ ಶುರು ಇದೇ. 1876ರ ವಿದ್ಯುತ್ ಪೆನ್ನು (ಬರೆದದ್ದರ ಪ್ರತಿ ತೆಗೆಯುವ ನಮ್ಮ ಹಳೇ ಸೈಕ್ಲೋಸ್ಟೈಲ್‌ನ ಹಿರಿಯಣ್ಣ), ದನಿ ಮುದ್ರಿಸುವ 1877ರ ಫೋನೋಗ್ರಾಫ್ ಎಲ್ಲ ಆಮೇಲೆ ಬಂದವು. ಅಮೆರಿಕದಲ್ಲಿ ಒಟ್ಟು 1,093 ಪೇಟೆಂಟ್ ಪಡೆದ.

ಹುಡುಗನಿಗೆ ಒಂದು ಎಚ್ಚರಿಕೆಯನ್ನೂ ಹೇಳಿದೆ. ಹೋಗಿ ನೋಡು, ಕೇಳು, ಆದರೆ ಅರ್ಜಿ ಹಾಕುವ ಮೊದಲು ಯಂತ್ರ ತೋರಿಸಬೇಡ. ಎಲ್ಲರಿಗೂ ಗೊತ್ತಾದ ಮೇಲೆ ಅದು ಕಾನೂನಿನ ಕಣ್ಣಲ್ಲಿ ಹೊಸದಾಗಿ ಉಳಿಯುವುದಿಲ್ಲ. ಪ್ರೊವಿಷನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಇರುತ್ತದೆ.

ಎರಡು ಬೆಳಗ್ಗೆ ಜಯನಗರದ ಒಂದು ದರ್ಶಿನಿಯಲ್ಲಿ ನಿಂತು ಬಂದ. ದೋಸೆ ಭಟ್ಟರು ಟೋಕನ್‌ಗಳನ್ನು ಕೂಡಿಟ್ಟು, ಕಾವಲಿಗೆ ನೀರು ಎರಚಿ, ಪೊರಕೆಯಿಂದ ಒಂದೇ ಸಲ ಗುಡಿಸಿ, ಹನ್ನೆರಡು ದೋಸೆಯನ್ನು ಒಂದೇ ಒಬ್ಬೆಗೆ ಹಾಕುತ್ತಾರಂತೆ. ಒಂದೊಂದೇ ಹಾಕಿದರೆ ನೀರು ಎರಚುವುದು ಯಾವಾಗ? "ಸರ್, ಅವರ ಕಷ್ಟ ಬೇರೆನೇ ಇದೆ, ಗೋಡೆ ಕಡೆಯ ಮೂಲೆಯಲ್ಲಿ ಕಾವು ಕಮ್ಮಿ, ಅಲ್ಲಿ ದೋಸೆ ಏಳೋದೇ ಇಲ್ಲ" ಎಂದು ನೋಟ್‌ಬುಕ್ ತೆರೆದ. ನಾಲ್ಕು ಮೂಲೆಯ ಚಿತ್ರ ಬರೆದುಕೊಂಡು ಬಂದಿದ್ದ.