ಒಂದೇ ರನ್‌ವೇ, ನಾಲ್ಕು ದಿಕ್ಕಿನ ಗಾಳಿ

1903ರ ಡಿಸೆಂಬರ್ 17ರಂದು ಅಮೆರಿಕದ ಕಿಟ್ಟಿ ಹಾಕ್ ಬಳಿಯ ಮರಳ ದಿಬ್ಬಗಳಲ್ಲಿ ರೈಟ್ ಸಹೋದರರ ವಿಮಾನ ನಾಲ್ಕು ಸಲ ಹಾರಿ ಇಳಿಯಿತು. ಆಮೇಲೆ ಅದು ನೆಲದ ಮೇಲೆ ಸುಮ್ನೆ ನಿಂತಿದ್ದಾಗ ಜೋರು ಗಾಳಿ ಬಂದು ಮಗುಚಿ ಹಾಕಿತು. ಆ ವಿಮಾನ ಮತ್ತೆ ಹಾರಲೇ ಇಲ್ಲ.

ಪುಟ್ಟ ವಿಮಾನ ಇಳಿಯುವಾಗ ರನ್‌ವೇ ಬಿಟ್ಟು ಜಾರಿತು, ರೆಕ್ಕೆ ನೆಲಕ್ಕೆ ಬಡಿಯಿತು ಎಂಬ ಸುದ್ದಿ ಇವತ್ತಿಗೂ ಬರುತ್ತಲೇ ಇದೆ. ಪೈಲಟ್ ಹತೋಟಿ ತಪ್ಪಿದ ಎಂದು ಬರೆದರೆ ಎಷ್ಟೋ ಸಲ ತನಿಖೆ ಮುಗಿದಂತೆ. ಆ ಮಾತು ಸುಳ್ಳೇನಲ್ಲ. ಆದರೆ ಅವನು ಗಾಳಿಗೆ ಅಡ್ಡವಾಗಿ ಇಳಿಯಬೇಕಾಗಿ ಬಂದದ್ದು ಹೇಗೆ ಅಂತಲೂ ಕೇಳಬೇಕು ಅಲ್ವಾ?

ಶುರುವಿನ ದಶಕಗಳಲ್ಲಿ ವಿಮಾನ ನಿಲ್ದಾಣ ಅಂದರೆ ದೊಡ್ಡ ಹುಲ್ಲು ಮೈದಾನ. ಗಾಳಿ ಯಾವ ಕಡೆಯಿಂದ ಬೀಸಿದರೂ ಅದಕ್ಕೆ ಮುಖ ಮಾಡಿ ಇಳಿಯಬಹುದಿತ್ತು. ವಿಮಾನಗಳ ತೂಕ ಹೆಚ್ಚಿದಾಗ ಹುಲ್ಲು ತಾಳಲಿಲ್ಲ, ಕಾಂಕ್ರೀಟ್ ಬಂತು. ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ಬಾಂಬರ್ ನೆಲೆಗಳಲ್ಲಿ ಮೂರು ರನ್‌ವೇಗಳನ್ನು ತ್ರಿಕೋನದ ಹಾಗೆ ಹಾಕುತ್ತಿದ್ದರು. ಮುಂದೆ ಜೆಟ್‌ಗಳಿಗೆ ಉದ್ದದ ರನ್‌ವೇ ಬೇಕಾಯಿತು, ಜಾಗ ದುಬಾರಿಯಾಯಿತು. ಬಹಳ ಕಡೆ ಒಂದೇ ದಿಕ್ಕು ಉಳಿಯಿತು.

ಜೆಟ್‌ಗೆ ಇದು ಅಂಥ ಕಷ್ಟವೇನಲ್ಲ. ಅದು ಇಳಿಯುವ ವೇಗ ಸುಮಾರು 140 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.). 15 ನಾಟ್ ಅಡ್ಡಗಾಳಿ, ಅಂದರೆ ರನ್‌ವೇಗೆ ಅಡ್ಡಲಾಗಿ ಪಕ್ಕದಿಂದ ಬೀಸುವ ಗಾಳಿ, ಅದರ ಸುಮಾರು ಹತ್ತನೇ ಒಂದು ಭಾಗ. ಫ್ಲೈಯಿಂಗ್ ಸ್ಕೂಲಿನ ಸೆಸ್ನಾ 172 ಇಳಿಯುವುದು 60 ನಾಟ್ ಆಸುಪಾಸಿನಲ್ಲಿ. ಅದೇ ಗಾಳಿ ಅದಕ್ಕೆ ಕಾಲು ಭಾಗ! ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೂ ಇದು ಗೊತ್ತು. ರನ್‌ವೇ ದಿಕ್ಕು ನಿರ್ಧರಿಸುವಾಗ 1,200 ಮೀಟರಿಗಿಂತ ಚಿಕ್ಕದಕ್ಕೆ 10 ನಾಟ್, 1,500 ಮೀಟರ್ ಮತ್ತು ಮೇಲ್ಪಟ್ಟದ್ದಕ್ಕೆ 20 ನಾಟ್ ಅಡ್ಡಗಾಳಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಉದ್ದದ ರನ್‌ವೇಯಲ್ಲಿ ಪುಟ್ಟ ವಿಮಾನವೂ ಇಳಿಯುತ್ತದಲ್ಲ, ಅದರ ಪಾಡು ಆ ಲೆಕ್ಕದೊಳಗೆ ಬರುವುದಿಲ್ಲ.

ಈ ಕಥೆಯ ಮುಖ್ಯ ತಿರುವು ಚಕ್ರಗಳದ್ದು. ಹಳೆಯ ವಿಮಾನಗಳಲ್ಲಿ ಎರಡು ಚಕ್ರ ಮುಂದೆ, ಪುಟ್ಟದೊಂದು ಬಾಲದಲ್ಲಿ. ತೂಕವೆಲ್ಲ ಮುಂದಿನ ಚಕ್ರಗಳ ಹಿಂದೆ. ಚೂರು ಸೊಟ್ಟಗೆ ನೆಲ ಮುಟ್ಟಿದರೆ ಹಿಂದಿನ ತೂಕ ಮುಂದೆ ನುಗ್ಗಲು ನೋಡುತ್ತದೆ, ಬಾಲ ಗರಗರ ಸುತ್ತುತ್ತದೆ. ಪೈಲಟ್‌ಗಳು ಇದನ್ನು 'ಗ್ರೌಂಡ್ ಲೂಪ್' ಅನ್ನುತ್ತಾರೆ. 1940ರ ದಶಕದ ಕೊನೆಯಲ್ಲಿ, ಸೊಟ್ಟಗೆ ಇಳಿದರೂ ನೇರವಾಗಿ ಓಡಲಿ ಎಂದು ಎಡಕ್ಕೂ ಬಲಕ್ಕೂ ತಾವೇ ಹೊರಳಿಕೊಳ್ಳುವ ಚಕ್ರಗಳನ್ನೂ ಮಾಡಿ ನೋಡಿದರು. ಸಣ್ಣ ವಿಮಾನಗಳಲ್ಲಿ ಅವು ನೆಲೆ ನಿಲ್ಲಲಿಲ್ಲ. 1950ರ ದಶಕದಲ್ಲಿ ಮೂತಿಯ ಕೆಳಗೆ ಚಕ್ರವಿರುವ ವಿಮಾನಗಳೇ ರೂಢಿಯಾದವು. 1956ರಲ್ಲಿ ಮಾರಾಟಕ್ಕೆ ಬಂದ ಸೆಸ್ನಾ 172 ಅಂಥದ್ದೇ. ಇಳಿಯುವುದು ನಿಜವಾಗಿಯೂ ಸುಲಭವಾಯಿತು. ಆದರೆ ಕಾಲಲ್ಲಿ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಒತ್ತಿ ಮೂತಿ ನೇರ ಮಾಡುವ, ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸುವ ಕೈಚಳಕಕ್ಕೆ ಮೊದಲಿನಷ್ಟು ರೂಢಿ ಸಿಗದೆ ಹೋಯಿತು ಅನ್ನಿಸುತ್ತದೆ.

ಗೊಂದಲಕ್ಕೆ ಇನ್ನೊಂದು ಕಾರಣ ಕೈಪಿಡಿಯ ಅಂಕಿ. 172ರ ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿ ಎಂದಿದೆ. ಅದು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಗಾಳಿ, ದಾಟಬಾರದ ಗೆರೆ ಅಲ್ಲ. ಹೊಸಬರಿಗೆ ಅಷ್ಟು ಗಾಳಿಯೇ ಜಾಸ್ತಿ. ಹಾಗಿದ್ದರೂ ಆ ಅಂಕಿಯನ್ನು ಧೈರ್ಯಕ್ಕೆ ಇಟ್ಟುಕೊಂಡವರಿದ್ದಾರೆ.

ನಮ್ಮ ಬೆಂಗಳೂರನ್ನೇ ನೋಡಿ. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ, ಎಲ್ಲ ರನ್‌ವೇಗಳೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ಮಳೆಗಾಲದಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಹಾಗಾಗಿ ವರ್ಷದ ಬಹುಪಾಲು ಇದು ಚೆನ್ನಾಗಿಯೇ ಹೊಂದುತ್ತದೆ. ತೊಂದರೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ. ಮಳೆ ಬೀಳುವ ಮುಂಚೆಯೇ ಮೋಡದಿಂದ ಕುಸಿದ ತಣ್ಣನೆ ಗಾಳಿ ನೆಲದ ಮೇಲೆ ಸುತ್ತಲೂ ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ದಿಕ್ಕು ತಿರುಗಿಬಿಡುತ್ತದೆ. 1985ರಲ್ಲಿ ಡಲ್ಲಾಸ್‌ನಲ್ಲಿ ಇಂಥ ಗಾಳಿಗೆ ದೊಡ್ಡ ವಿಮಾನವೇ ಬಿದ್ದ ಮೇಲೆ ಅಮೆರಿಕದ ದೊಡ್ಡ ನಿಲ್ದಾಣಗಳಿಗೆ ವಿಶೇಷ ರಾಡಾರ್ ಬಂತು. ಸಣ್ಣ ಮೈದಾನಗಳ ಪಾಲಿಗೆ ಉಳಿದದ್ದು ಮುಖ್ಯವಾಗಿ ಗಾಳಿಯ ದಿಕ್ಕು, ಜೋರು ತೋರಿಸಲು ಕಂಬಕ್ಕೆ ಕಟ್ಟುವ ಬಟ್ಟೆಯ ಗಾಳಿಚೀಲ, ಮತ್ತೆ ಪೈಲಟ್‌ನ ಕಣ್ಣು.

ಆ ಗಾಳಿಚೀಲ ಅಮೆರಿಕದ ಮಾನದಂಡದಂತೆ 15 ನಾಟ್‌ಗೆ ಪೂರ್ತಿ ಚಾಚಿಕೊಳ್ಳುತ್ತದೆ. ಗಾಳಿ 30 ನಾಟ್‌ಗೆ ಏರಿದರೂ ಅದು ಚಾಚಿಕೊಂಡೇ ಇರುತ್ತದೆ.