ಸಂಬಳ ಕಡಿತವಾದರೆ ಗ್ರೀನ್ ಕಾರ್ಡ್ ಅರ್ಜಿ ಏನಾಗುತ್ತದೆ?

ಪ್ರಶ್ನೆ: ನಾನು ಅಮೆರಿಕದಲ್ಲಿ ಎಚ್-1ಬಿ ವೀಸಾ ಮೇಲೆ ಕೆಲಸದಲ್ಲಿದ್ದೇನೆ. ಗ್ರೀನ್ ಕಾರ್ಡ್‌ಗಾಗಿ ಕಂಪನಿ ಇಬಿ-2 ವರ್ಗದಲ್ಲಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿದೆ, ಪ್ರಯಾರಿಟಿ ಡೇಟ್ (ಸರದಿಯಲ್ಲಿ ನನ್ನ ಜಾಗ ಗೊತ್ತುಮಾಡುವ ದಿನಾಂಕ) 2016ರದು. ಈಗ ಕಂಪನಿಯವರು ಎಲ್ಲರ ಸಂಬಳದಲ್ಲೂ ಶೇ 15 ಕಡಿತ ಮಾಡುತ್ತಿದ್ದಾರೆ. ಇಷ್ಟು ವರ್ಷ ಕಾದ ಗ್ರೀನ್ ಕಾರ್ಡ್ ಕೈತಪ್ಪುತ್ತದೆಯೇ?

ಉತ್ತರ: ಗ್ರೀನ್ ಕಾರ್ಡ್‌ಗೆ ತೊಂದರೆಯಾಗುವ ಸಾಧ್ಯತೆ ಕಡಿಮೆ. ಆದರೆ ನಿಮ್ಮ ಎಚ್-1ಬಿಗೆ ಮುಂದಿನ ಪೇ ಸ್ಲಿಪ್ಪಿನಿಂದಲೇ ಪೆಟ್ಟು ಬೀಳಬಹುದು. ಹೆಚ್ಚಿನವರು ಮೊದಲನೆಯದಕ್ಕೆ ಹೆದರಿ ಎರಡನೆಯದನ್ನು ನೋಡುವುದೇ ಇಲ್ಲ.

ಕಾರಣ ಇಷ್ಟೆ. ಗ್ರೀನ್ ಕಾರ್ಡ್ ಅರ್ಜಿ ನಿಂತಿರುವುದು ನಾಳಿನ ಕೆಲಸದ ಮೇಲೆ. ಪರ್ಮ್‌ನಲ್ಲಿ, ಅಂದರೆ ಗ್ರೀನ್ ಕಾರ್ಡ್‌ನ ಮೊದಲ ಹೆಜ್ಜೆಯಾಗಿ ಕಾರ್ಮಿಕ ಇಲಾಖೆಗೆ ಹಾಕುವ ಅರ್ಜಿಯಲ್ಲಿ, ಕಂಪನಿ ಬರೆದುಕೊಟ್ಟ ಸಂಬಳವನ್ನು ನಿಮಗೆ ಕೊಡಲೇಬೇಕಾದದ್ದು ಕಾರ್ಡ್ ಕೈಗೆ ಬಂದ ಮೇಲೆ. ಎಚ್-1ಬಿ ಹಾಗಲ್ಲ, ಅದು ಇವತ್ತಿನ ಕೆಲಸ. ಎಲ್‌ಸಿಎ (ಎಚ್-1ಬಿಗಾಗಿ ಕಂಪನಿ ಕಾರ್ಮಿಕ ಇಲಾಖೆಗೆ ಕೊಡುವ ಸಂಬಳದ ಘೋಷಣೆ) ಪ್ರಕಾರ ಕೊಡಬೇಕಾದ ಸಂಬಳವನ್ನು ಪ್ರತಿ ತಿಂಗಳೂ ಕೊಡಬೇಕು. ಹಾಗಾಗಿ ಮೂರು ಅಂಕಿಗಳನ್ನು ಮುಂದಿಟ್ಟುಕೊಳ್ಳಿ: ಪರ್ಮ್ ಸಂಬಳ, ಎಲ್‌ಸಿಎ ಸಂಬಳ, ಕಡಿತದ ನಂತರ ಉಳಿಯುವ, ತೆರಿಗೆಗೆ ಮುಂಚಿನ ಒಟ್ಟು ಸಂಬಳ.

ಉದಾಹರಣೆಗೆ ಲೆಕ್ಕ ಹಾಕೋಣ. 2016ರ ಪರ್ಮ್‌ನಲ್ಲಿ ಬರೆದದ್ದು 98,000 ಡಾಲರ್ ಎನ್ನಿ. ಈಗಿನ ಎಲ್‌ಸಿಎಯಲ್ಲಿರುವ ಪ್ರಿವೇಲಿಂಗ್ ವೇಜ್ (ಆ ಊರಿನಲ್ಲಿ ಆ ಕೆಲಸಕ್ಕೆ ಚಾಲ್ತಿಯಲ್ಲಿರುವ ದರ) 1,38,000. ನಿಮ್ಮ ಸಂಬಳ 1,55,000. ಶೇ 15 ಕಡಿತವೆಂದರೆ 23,250 ಹೋಗಿ 1,31,750 ಉಳಿಯುತ್ತದೆ. ಪರ್ಮ್ ಸಂಬಳಕ್ಕಿಂತ ಇದು ಇನ್ನೂ 33,750 ಡಾಲರ್ ಜಾಸ್ತಿ, ಅಲ್ಲಿ ಚಿಂತೆಯಿಲ್ಲ. ಆದರೆ ಎಲ್‌ಸಿಎಗಿಂತ 6,250 ಡಾಲರ್ ಕಡಿಮೆ. ಕಡಿತ ಜಾರಿಯಾದ ದಿನದಿಂದಲೇ ಕಂಪನಿ ಕಾನೂನು ಮುರಿದಂತೆ. ಭಾರತೀಯರ ಸರದಿ ವರ್ಷಗಟ್ಟಲೆ ಎಳೆಯುವುದರಿಂದ ಪರ್ಮ್ ಸಂಬಳ ಹಳೆಯ ಕಾಲದ್ದಾಗಿ ಕೆಳಗೆ ಉಳಿದಿರುತ್ತದೆ, ಎಲ್‌ಸಿಎ ಮಾತ್ರ ಪ್ರತಿ ಎಕ್ಸ್‌ಟೆನ್ಷನ್‌ಗೂ ಮೇಲೇರಿರುತ್ತದೆ.

ಈ ಅಂಕಿಗಳು ಎಲ್ಲಿ ಸಿಗುತ್ತವೆ? ಪರ್ಮ್‌ನ ಹಳೆಯ 9089 ಫಾರಂನಲ್ಲಿ ಎಫ್ ಭಾಗದಲ್ಲಿ ಪ್ರಿವೇಲಿಂಗ್ ವೇಜ್, ಜಿ ಭಾಗದಲ್ಲಿ ಕಂಪನಿ ಕೊಡುತ್ತೇನೆಂದ ಸಂಬಳ ಇರುತ್ತದೆ. ಐ-140ರ ಆರನೇ ಭಾಗದಲ್ಲೂ ಸಂಬಳ ಬರೆದಿರುತ್ತಾರೆ. ಪರ್ಮ್ ಪ್ರತಿ ಕೊಡಲು ಕೆಲವು ಕಂಪನಿಗಳು ಒಪ್ಪುವುದಿಲ್ಲ. ಎಲ್‌ಸಿಎ ಪ್ರತಿ ಮಾತ್ರ ನಿಮ್ಮ ಹಕ್ಕು, ಅದರ ಮೇಲೆ ಕೆಲಸ ಶುರು ಮಾಡುವ ದಿನದೊಳಗೆ ಕೊಡಲೇಬೇಕು. ಅದರಲ್ಲಿ ಎರಡು ಅಂಕಿ ಕಾಣುತ್ತವೆ: ಕಂಪನಿ ಕೊಡುತ್ತೇನೆಂದದ್ದು, ಪ್ರಿವೇಲಿಂಗ್ ವೇಜ್ ಎಂದು ಇರುವುದು. ಕಾನೂನಿನ ಪ್ರಕಾರ, ಪ್ರಿವೇಲಿಂಗ್ ವೇಜ್ ಮತ್ತು ಅದೇ ಕೆಲಸಕ್ಕೆ ಅದೇ ಅರ್ಹತೆಯ ಇತರರಿಗೆ ಕಂಪನಿ ಕೊಡುತ್ತಿರುವ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ನಿಮಗೆ ಸಲ್ಲಬೇಕು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿತ ಮಾಡಿದರೆ ಎರಡನೆಯದು ತಾನಾಗಿ ಕೆಳಗಿಳಿಯುತ್ತದೆ. ಮೊದಲನೆಯದು ಇಳಿಯುವುದಿಲ್ಲ. ‘ಎಲ್ಲರಿಗೂ ಮಾಡಿದ್ದೇವೆ’ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ.

ಹೊಸ ಎಲ್‌ಸಿಎ ತೆಗೆದು ತಿದ್ದುಪಡಿ ಅರ್ಜಿ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ಹಾಕಬಹುದು. ಆದರೆ ಹೊಸ ಎಲ್‌ಸಿಎಗೆ ಈಗಿನ ದರಪಟ್ಟಿಯೇ ಅನ್ವಯ, ಆ ಪಟ್ಟಿ ಪ್ರತಿ ಜುಲೈ 1ಕ್ಕೆ ಬದಲಾಗುತ್ತದೆ. ಬಹಳ ಸಲ ಹೊಸ ಅಂಕಿ ಹಳೆಯದಕ್ಕಿಂತ ಮೇಲಿರುತ್ತದೆ. ಆಗ ಕೆಲವರು ವೇಜ್ ಲೆವೆಲ್ಲನ್ನು (ಕೆಲಸದ ಹೊಣೆ, ಅನುಭವಕ್ಕೆ ತಕ್ಕ ದರದ ಹಂತ) 3ರಿಂದ 2ಕ್ಕೆ ಇಳಿಸಲು ನೋಡುತ್ತಾರೆ. ಕೆಲಸ ಅದೇ, ಅನುಭವ ಹೆಚ್ಚಾಗಿದೆ, ಲೆವೆಲ್ ಮಾತ್ರ ಇಳಿದಿದೆ ಎಂದರೆ ಅಧಿಕಾರಿ ಪ್ರಶ್ನೆ ಎತ್ತದೆ ಬಿಡುವುದಿಲ್ಲ.

ಎಲ್‌ಸಿಎಗಿಂತ ಕಡಿಮೆ ಪಡೆದದ್ದು ಹೊರಬೀಳುವುದು ಮುಂದಿನ ಎಕ್ಸ್‌ಟೆನ್ಷನ್ ಅಥವಾ ಟ್ರಾನ್ಸ್‌ಫರ್ ಹೊತ್ತಿಗೆ. ಸ್ಟೇಟಸ್ ಉಳಿಸಿಕೊಂಡಿದ್ದೀರಿ, ಅಂದರೆ ವೀಸಾ ಷರತ್ತು ಮುರಿದಿಲ್ಲ ಎಂದು ತೋರಿಸಲು ಇತ್ತೀಚಿನ ಪೇ ಸ್ಲಿಪ್, ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪಟ್ಟಿ) ಕೊಡಬೇಕಾಗುತ್ತದೆ. ಅಂಕಿ ತಾಳೆಯಾಗದಿದ್ದರೆ ಆರ್‌ಎಫ್‌ಇ, ಅಂದರೆ ಹೆಚ್ಚಿನ ಪುರಾವೆ ಕೇಳುವ ನೋಟಿಸ್, ಬರಬಹುದು. ಅರ್ಜಿ ಒಪ್ಪಿಯೂ ಐ-94 (ದೇಶದಲ್ಲಿ ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಕೊಡದೆ ಇರಬಹುದು. ಆಗ ದೇಶ ಬಿಟ್ಟು, ವೀಸಾ ಸ್ಟ್ಯಾಂಪ್ ಇಲ್ಲದಿದ್ದರೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಹಾಕಿಸಿಕೊಂಡು, ಮರಳಿ ಬರಬೇಕು. ಗ್ರೀನ್ ಕಾರ್ಡ್‌ನ ಕೊನೆಯ ಅರ್ಜಿಯಾದ ಐ-485 ಹಂತದಲ್ಲಿ ವಲಸೆ ಕಾನೂನಿನ 245(ಕೆ) ಎಂಬ ಕಲಮು ಕೊನೆಯ ಪ್ರವೇಶದ ನಂತರದ ಒಟ್ಟು 180 ದಿನಗಳವರೆಗಿನ ಇಂಥ ಲೋಪಗಳನ್ನು ಮನ್ನಿಸುತ್ತದೆ. ಅದನ್ನು ನಂಬಿ ಕೂರುವುದು ಒಳ್ಳೆಯದಲ್ಲ.

ಈಗ ಗ್ರೀನ್ ಕಾರ್ಡ್ ಕಡೆಗೆ ಬರೋಣ. ಕಡಿತದ ನಂತರದ ಸಂಬಳ ಪರ್ಮ್ ಸಂಬಳಕ್ಕಿಂತಲೂ ಕೆಳಗಿಳಿದರೆ? ಪರ್ಮ್ ಇತ್ತೀಚಿನದಾಗಿದ್ದವರಿಗೆ ಹೀಗಾಗುತ್ತದೆ. ಪ್ರಯಾರಿಟಿ ಡೇಟಿನಿಂದ ಹಿಡಿದು ಕಾರ್ಡ್ ಸಿಗುವವರೆಗೆ ಆ ಸಂಬಳ ಕೊಡುವ ಶಕ್ತಿ ತನಗಿದೆ ಎಂದು ಕಂಪನಿ ತೋರಿಸಬೇಕು ಎನ್ನುತ್ತದೆ ನಿಯಮ. ಕೊಟ್ಟೇ ಇರಬೇಕೆಂದಿಲ್ಲ, ಕೊಡುವ ಶಕ್ತಿ ಇದ್ದರೆ ಸಾಕು. ಪರ್ಮ್ 1,20,000, ನಿಮಗೆ ಬಂದದ್ದು 1,04,000 ಎಂದರೆ ಉಳಿದ 16,000ವನ್ನು ಆ ವರ್ಷದ ನಿವ್ವಳ ಆದಾಯದಲ್ಲೋ ನಿವ್ವಳ ಚಾಲ್ತಿ ಆಸ್ತಿಯಲ್ಲೋ ತೋರಿಸಬೇಕು. ಕಂಪನಿ 1120 ಫಾರಂನಲ್ಲಿ ತೆರಿಗೆ ಕಟ್ಟುತ್ತಿದ್ದರೆ ಅಧಿಕಾರಿಗಳು ನೋಡುವುದು 28ನೇ ಸಾಲನ್ನು. ಅಲ್ಲಿ ನಷ್ಟವಿದ್ದರೆ ಆಸ್ತಿ-ಸಾಲದ ಪಟ್ಟಿಯಾದ ಶೆಡ್ಯೂಲ್ ಎಲ್‌ಗೆ ಹೋಗಿ 1ರಿಂದ 6ನೇ ಸಾಲಿನ ಮೊತ್ತದಲ್ಲಿ 16ರಿಂದ 18ನೇ ಸಾಲಿನದನ್ನು ಕಳೆಯುತ್ತಾರೆ. ಎರಡನ್ನೂ ಕೂಡಿಸಿ ತೋರಿಸುವಂತಿಲ್ಲ, ಒಂದೇ ಸಾಕಾಗಬೇಕು.

ಸಣ್ಣ ಕಂಪನಿಗಳು ಎಡವುವುದು ಇಲ್ಲೇ. ಒಬ್ಬರ 16,000 ತೋರಿಸಬಹುದು. ಅದೇ ಕಂಪನಿ 20 ಜನರಿಗೆ ಐ-140 ಹಾಕಿದ್ದರೆ 20 ಜನರ ಕೊರತೆಯೂ ಅದೇ ಲಾಭದೊಳಗೆ ಹಿಡಿಯಬೇಕು. 100 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ ಹಣಕಾಸು ಅಧಿಕಾರಿಯ ಪತ್ರವನ್ನೇ ಒಪ್ಪಿಕೊಳ್ಳುವ ಅವಕಾಶವಿದೆ. ನಿಮ್ಮಂತೆ ಐ-140 ಆಗಲೇ ಅಪ್ರೂವ್ ಆಗಿದ್ದರೆ ಸಾಮಾನ್ಯವಾಗಿ ಈ ಲೆಕ್ಕವನ್ನು ಮತ್ತೆ ಕೆದಕುವುದಿಲ್ಲ. ಆದರೆ ಇಬಿ-3 ಎಂಬ ಕೆಳಗಿನ ವರ್ಗಕ್ಕೆ ಡೌನ್‌ಗ್ರೇಡ್ ಮಾಡಲು ಹೊಸ ಐ-140 ಹಾಕಿದಿರೋ, ಮೂಲ ಪ್ರಯಾರಿಟಿ ಡೇಟಿನಿಂದ ಈವರೆಗಿನ ಎಲ್ಲ ವರ್ಷಗಳ ಲೆಕ್ಕವೂ ಮತ್ತೆ ಮೇಜಿನ ಮೇಲೆ ಬರುತ್ತದೆ.

ಡಬ್ಲ್ಯೂ-2 ನೋಡುವಾಗ ಒಂದು ಎಚ್ಚರ. 1ನೇ ಬಾಕ್ಸ್‌ನಲ್ಲಿ ನಿವೃತ್ತಿ ಉಳಿತಾಯದ 401(ಕೆ)ಗೆ ಹಾಕಿದ ಹಣ ಕಳೆದುಹೋಗಿರುತ್ತದೆ. 98,000 ಸಂಬಳದಲ್ಲಿ 20,000 ಅಲ್ಲಿಗೆ ಹಾಕಿದವರಿಗೆ 78,000 ಎಂದು ಕಂಡು ಎದೆ ಧಸಕ್ಕೆನ್ನುತ್ತದೆ. 5ನೇ ಬಾಕ್ಸ್‌ನಲ್ಲಿ ಆ ಹಣ ಸೇರಿರುತ್ತದೆ. ಆದರೆ ತೆರಿಗೆಗೆ ಮುನ್ನ ಹಿಡಿಯುವ ಆರೋಗ್ಯ ವಿಮೆ ಕಂತು ಅಲ್ಲೂ ಇರುವುದಿಲ್ಲ. ಆದ್ದರಿಂದ ವರ್ಷದ ಕೊನೆಯ ಪೇ ಸ್ಲಿಪ್ಪನ್ನು ಜೊತೆಗಿಟ್ಟುಕೊಳ್ಳಿ, ಒಟ್ಟು ಸಂಬಳ ಅದರಲ್ಲೇ ಸ್ಪಷ್ಟ. ಖಾತ್ರಿಯಿಲ್ಲದ ಬೋನಸ್ಸನ್ನು ಎಲ್‌ಸಿಎ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಐ-485 ಹಾಕಿ ಇಎಡಿ (ಕೆಲಸದ ಪರವಾನಗಿ ಕಾರ್ಡ್) ಮೇಲೆ ದುಡಿಯುತ್ತಿರುವವರಿಗೆ ಎಲ್‌ಸಿಎ ಕಟ್ಟಿಲ್ಲ. ಅರ್ಜಿ 180 ದಿನ ದಾಟಿದ ಮೇಲೆ ಸಪ್ಲಿಮೆಂಟ್ ಜೆ (ಹೊಸ ಕೆಲಸವನ್ನು ದೃಢಪಡಿಸುವ ಫಾರಂ) ಕೊಟ್ಟು ಬೇರೆ ಕಂಪನಿಗೂ ಹೋಗಬಹುದು. ಕೆಲಸ ಅದೇ ಅಥವಾ ಹೋಲುವಂಥದ್ದಾಗಿರಬೇಕು. ಸಂಬಳ ಕಡಿಮೆಯಾದ ಮಾತ್ರಕ್ಕೆ ತಿರಸ್ಕರಿಸುವುದಿಲ್ಲ, ಊರು ಬದಲಾಗಿದೆ, ಲಾಭರಹಿತ ಸಂಸ್ಥೆ ಎಂಬಂಥ ಕಾರಣಗಳನ್ನು ಒಪ್ಪುತ್ತಾರೆ. ತೀರಾ ದೊಡ್ಡ ಅಂತರವಿದ್ದರೆ ಇದು ಅದೇ ಕೆಲಸವೇ ಎಂಬ ಅನುಮಾನ ಬರುತ್ತದೆ, ಪತ್ರದಲ್ಲಿ ಕಾರಣ ಬರೆಸಿ.

ಕಡಿತ ಬೇರೆ ವೇಷದಲ್ಲೂ ಬರುತ್ತದೆ. ವಾರಕ್ಕೆ 40 ಗಂಟೆಯನ್ನು 30ಕ್ಕೆ ಇಳಿಸಿದರೆ ಅದು ಪಾರ್ಟ್ ಟೈಮ್, ಮೊದಲು ತಿದ್ದುಪಡಿ ಅರ್ಜಿ ಬೇಕು. ಪ್ರಾಜೆಕ್ಟ್ ಇಲ್ಲವೆಂದು ಸಂಬಳವಿಲ್ಲದೆ ಕೂರಿಸುವಂತಿಲ್ಲ. ನೀವಾಗಿ ಕೇಳಿ ಪಡೆದ ರಜೆಗೆ, ಅಂದರೆ ಬಾಣಂತನಕ್ಕೋ ಊರಿಗೆ ಬರಲೋ ಪಡೆದದ್ದಕ್ಕೆ, ಸಂಬಳ ಕೊಡಬೇಕೆಂದಿಲ್ಲ. ಕಡಿಮೆ ಖರ್ಚಿನ ಊರಿಗೆ ಹೋಗಿ ಕಡಿಮೆ ಸಂಬಳಕ್ಕೆ ಮನೆಯಿಂದ ಕೆಲಸ ಮಾಡುವುದಾದರೆ, ಹೊಸ ಜಾಗ ದಿನನಿತ್ಯ ಓಡಾಡುವ ದೂರವನ್ನು ಮೀರಿದ್ದಾಗ ಎಚ್-1ಬಿ ತಿದ್ದುಪಡಿ ಮೊದಲೇ ಆಗಬೇಕು. ಕೆಲಸ ಅಲ್ಲೇ ಕಾಯಂ ಆಗುವುದಾದರೆ ಪರ್ಮ್ ಕೂಡ ಹೊಸದಾಗಿ ಮಾಡಬೇಕಾಗಬಹುದು. ಆಗಲೂ ಹಳೆಯ ಪ್ರಯಾರಿಟಿ ಡೇಟ್ ನಿಮ್ಮದೇ.

ಪರ್ಮ್ ಖರ್ಚನ್ನು ಸಂಬಳದಲ್ಲಿ ಮುರಿದುಕೊಳ್ಳುವುದು 2007ರ ಜುಲೈ 16ರಿಂದಲೇ ನಿಷಿದ್ಧ. ಸಂಬಳ ಹಾಕಿ, ಒಂದಷ್ಟನ್ನು ವಾಪಸ್ ಕಳಿಸಿ ಎನ್ನುವ ಕನ್ಸಲ್ಟೆನ್ಸಿಗಳಿವೆ. ದಯವಿಟ್ಟು ಕಳಿಸಬೇಡಿ. ಪೇ ಸ್ಲಿಪ್ಪಿನಲ್ಲಿ ಎಲ್ಲ ಸರಿ ಕಂಡರೂ ಬ್ಯಾಂಕ್ ಸ್ಟೇಟ್‌ಮೆಂಟ್ ಬೇರೆ ಹೇಳುತ್ತದೆ, ಸಿಕ್ಕಿಬೀಳುವವರು ನೀವು.

ಕಡಿತದ ಪತ್ರಕ್ಕೆ ಸಹಿ ಹಾಕುವ ಮುನ್ನ ಎಚ್‌ಆರ್‌ಗೆ ಒಂದು ಇಮೇಲ್ ಬರೆಯಿರಿ: ಹೊಸ ಸಂಬಳ ನನ್ನ ಎಲ್‌ಸಿಎ ಪ್ರಕಾರ ಸಲ್ಲಬೇಕಾದ್ದಕ್ಕಿಂತ ಕಡಿಮೆಯಾಗುವುದಿಲ್ಲವೆಂದು ಇಮಿಗ್ರೇಷನ್ ಲಾಯರ್ ಖಚಿತಪಡಿಸಿದ್ದಾರೆಯೇ ಎಂದು. ಎಷ್ಟೋ ಕಡೆ ಎಚ್‌ಆರ್‌ಗೆ ಈ ವಿಷಯ ಹೊಳೆದಿರುವುದೇ ಇಲ್ಲ, ಹೇಳಿದರೆ ಸರಿಮಾಡುತ್ತಾರೆ. ಆ ಲಾಯರ್‌ಗೆ ಹಣ ಕೊಡುವುದು ಕಂಪನಿ, ಜಗಳದ ಸೂಚನೆ ಕಂಡರೆ ನಿಮ್ಮದೇ ಲಾಯರ್ ಒಬ್ಬರನ್ನು ಕೇಳಿ. ಬಾಕಿ ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ಡಬ್ಲ್ಯೂಎಚ್-4 ಫಾರಂನಲ್ಲಿ ದೂರು ಕೊಡಬಹುದು, ಅದಕ್ಕೆ ಉಲ್ಲಂಘನೆಯಾದ ದಿನದಿಂದ 12 ತಿಂಗಳ ಗಡುವಿದೆ.